ಬೆನ್ನುಮೂಳೆಗೆ ಸಿಮೆಂಟ್, ಸ್ಕ್ರೂ, ಕರೆಂಟ್: ರಕ್ತದ ಕ್ಯಾನ್ಸರಿನಲ್ಲಿ ಯಾವುದು ಯಾಕೆ?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಮ್ಮ ಚಿಕ್ಕಮ್ಮ ಬಾಗಿಲಿಗೆ ನೀರು ಹಾಕಲು ಅರ್ಧ ಕೊಡ ನೀರು ಎತ್ತಿದರು. ನಡುಬೆನ್ನಿನಲ್ಲಿ ಚಳಕ್ ಅಂತು. ಉಳುಕಿರಬೇಕು ಅಂತ ಎಲ್ಲರೂ ಅಂದುಕೊಂಡೆವು. ಮುಲಾಮು ಹಚ್ಚಿದ್ದಾಯಿತು, ಬಿಸಿನೀರಿನ ಶಾಖ ಕೊಟ್ಟಿದ್ದಾಯಿತು, ಮೆಡಿಕಲ್ ಶಾಪಿನ ನೋವಿನ ಮಾತ್ರೆ ನಾಲ್ಕು ತಿಂಗಳು ನುಂಗಿದ್ದಾಯಿತು. ಆ ದಿನಗಳಲ್ಲಿ ಅವರು ಇನ್ನೊಂದು ಮಾತು ಹೇಳುತ್ತಿದ್ದರು: "ಯಾಕೋ ಸೀರೆ ನೆಲಕ್ಕೆ ಎಳೀತಾ ಇದೆ ಕಣೋ." ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆನ್ನಿನ ಎರಡು ಮೂಳೆ ಕುಸಿದು ಅವರ ಎತ್ತರವೇ ಕಡಿಮೆಯಾಗಿತ್ತು ಅನ್ನೋದು ಗೊತ್ತಾಗಿದ್ದು ಎಂ.ಆರ್.ಐ. ಮಾಡಿಸಿದಾಗ.

ಆಮೇಲೆ ರಕ್ತದ ಪರೀಕ್ಷೆ, ಮೂಳೆ ಮಜ್ಜೆಯ ಪರೀಕ್ಷೆ ಎಲ್ಲ ಆಗಿ ಕಾಯಿಲೆಯ ಹೆಸರು ಸಿಕ್ಕಿತು. ಮಲ್ಟಿಪಲ್ ಮೈಲೋಮಾ. ರಕ್ತದ ಕ್ಯಾನ್ಸರಿನಲ್ಲಿ ಒಂದು ಬಗೆ. ಡಾಕ್ಟರ ಎದುರು ಕೂತ ಚಿಕ್ಕಪ್ಪ ಮೊದಲು ಕೇಳಿದ್ದು ಇದನ್ನೇ: "ಸಾರ್, ಆಪರೇಷನ್ ಮಾಡಿ ಆ ಮೂಳೆಯಲ್ಲಿರೋದನ್ನ ತೆಗೆದುಬಿಡೋಕೆ ಆಗಲ್ವಾ?"

ಈ ಕಾಯಿಲೆ ಬಂದ ಯಾವ ಮನೆಯಲ್ಲೂ ಏಳುವ ಪ್ರಶ್ನೆ ಇದು. ಆಗಲ್ಲ ಅನ್ನೋದು ಉತ್ತರ. ಆದರೂ ಕೆಲವರಿಗೆ ಬೆನ್ನಿನ ಆಪರೇಷನ್ ಮಾಡುತ್ತಾರೆ, ಮಾಡಲೇಬೇಕಾಗುತ್ತದೆ. ಕ್ಯಾನ್ಸರ್ ತೆಗೆಯೋಕಲ್ಲದಿದ್ದರೆ ಮತ್ತೆ ಯಾಕೆ? ಅದು ಗೊತ್ತಾದರೆ ಡಾಕ್ಟರು ಹೇಳುವ ಅರ್ಧಕ್ಕರ್ಧ ಮಾತು ಅರ್ಥವಾಗುತ್ತದೆ.

ರಕ್ತದ ಕಾಯಿಲೆ ಮೂಳೆಗೆ ಯಾಕೆ ಬರುತ್ತದೆ?

ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಪ್ಲಾಸ್ಮಾ ಕಣ ಅನ್ನುವ ಒಂದು ಜಾತಿಯ ಕಣ ಇರುತ್ತದೆ. ಸೋಂಕು ಬಂದಾಗ ಅದರ ವಿರುದ್ಧ ಹೋರಾಡುವ ಪ್ರೋಟೀನು ತಯಾರಿಸುವುದು ಅದರ ಕೆಲಸ. ಮೈಲೋಮಾದಲ್ಲಿ ಕೆಟ್ಟುಹೋದ ಒಂದೇ ಒಂದು ಪ್ಲಾಸ್ಮಾ ಕಣ ತನ್ನದೇ ನಕಲುಗಳನ್ನು ಮಾಡುತ್ತಾ ಹೋಗುತ್ತದೆ. ಅವೆಲ್ಲ ಸೇರಿ ಒಂದೇ ತರದ, ಕೆಲಸಕ್ಕೆ ಬಾರದ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತವೆ. ಇದರಿಂದ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮಜ್ಜೆಯಲ್ಲಿ ಜಾಗ ಸಾಲದೆ ಒಳ್ಳೆಯ ರಕ್ತ ಕಡಿಮೆಯಾಗುತ್ತದೆ.

ಇನ್ನು ಮೂಳೆಯ ಕಥೆ. ನಮ್ಮ ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆ ಅಲ್ಲ. ಅಲ್ಲಿ ದಿನವೂ ರಿಪೇರಿ ನಡೆಯುತ್ತಿರುತ್ತದೆ. ಒಂದು ಗುಂಪಿನ ಕಣಗಳು ಹಳೆಯ ಮೂಳೆಯನ್ನು ಕೆತ್ತಿ ತೆಗೆಯುತ್ತವೆ. ಅವುಗಳ ಹಿಂದೆಯೇ ಇನ್ನೊಂದು ಗುಂಪು ಗಾರೆಯವರ ಹಾಗೆ ಬಂದು ಹೊಸ ಮೂಳೆ ಮೆತ್ತುತ್ತದೆ. ಮೈಲೋಮಾ ಕಣಗಳು ಕೆತ್ತುವವರಿಗೆ ಕುಮ್ಮಕ್ಕು ಕೊಡುತ್ತವೆ, ಗಾರೆಯವರ ಕೈ ಕಟ್ಟಿಹಾಕುತ್ತವೆ. ಕೆತ್ತನೆ ನಡೆದೇ ಇರುತ್ತದೆ, ಮೆತ್ತುವವರು ಬರುವುದಿಲ್ಲ. ಗೆದ್ದಲು ತಿಂದ ಕಂಬದ ಹಾಗೆ ಹೊರಗಿನಿಂದ ಸರಿಯಾಗಿ ಕಾಣುವ ಮೂಳೆ ಒಳಗೆ ಟೊಳ್ಳಾಗುತ್ತದೆ. ಕರಗಿದ ಮೂಳೆಯ ಸುಣ್ಣದಂಶ ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಮಲಬದ್ಧತೆ, ಮಂಕುತನ ಎಲ್ಲ ಅದರಿಂದ ಬರಬಹುದು.

ಈ ಕಾಯಿಲೆಯ ಚರಿತ್ರೆಯೇ ಮೂಳೆಯಿಂದ ಶುರುವಾಗುತ್ತದೆ. 1840ರ ದಶಕದಲ್ಲಿ ಲಂಡನ್ನಿನ ಥಾಮಸ್ ಅಲೆಕ್ಸಾಂಡರ್ ಮ್ಯಾಕ್‌ಬೀನ್ ಅನ್ನುವ ದಿನಸಿ ವ್ಯಾಪಾರಿಗೆ ವಿಪರೀತ ಸುಸ್ತು, ಮೂಳೆನೋವು. 1845ರ ನವೆಂಬರಿನಲ್ಲಿ ಅವರ ಮೂತ್ರವನ್ನು ಪರೀಕ್ಷೆಗೆಂದು ಹೆನ್ರಿ ಬೆನ್ಸ್ ಜೋನ್ಸ್ ಅನ್ನುವ ವೈದ್ಯರಿಗೆ ಕಳಿಸಿದರು. ಅದರಲ್ಲಿ ವಿಚಿತ್ರ ಪ್ರೋಟೀನು ಸಿಕ್ಕಿತು. 1846ರ ಹೊಸವರ್ಷದ ದಿನ ಮ್ಯಾಕ್‌ಬೀನ್ ತೀರಿಕೊಂಡರು. ಶವಪರೀಕ್ಷೆ ಮಾಡಿದಾಗ ಪಕ್ಕೆಲುಬುಗಳು ಚಾಕುವಿನಲ್ಲಿ ಸುಲಭವಾಗಿ ಕತ್ತರಿಸುವಷ್ಟು ಮೆತ್ತಗಾಗಿದ್ದವು. ಇವತ್ತಿಗೂ ಲ್ಯಾಬ್ ರಿಪೋರ್ಟಿನಲ್ಲಿ 'ಬೆನ್ಸ್ ಜೋನ್ಸ್ ಪ್ರೋಟೀನ್' ಅಂತ ಬರೆದಿದ್ದರೆ ಅದು ಆ ವ್ಯಾಪಾರಿಯ ಮೂತ್ರ ಪರೀಕ್ಷಿಸಿದ ವೈದ್ಯರಿಂದ ಬಂದ ಹೆಸರು.

ಅದೂ ಬೆನ್ನೇ ಯಾಕೆ?

ದೊಡ್ಡವರ ದೇಹದಲ್ಲಿ ರಕ್ತ ತಯಾರಿಸುವ ಮಜ್ಜೆ ಹೆಚ್ಚಾಗಿ ಉಳಿಯುವುದು ಬೆನ್ನುಮೂಳೆ, ಸೊಂಟ, ಪಕ್ಕೆಲುಬುಗಳಲ್ಲಿ. ಮೈಲೋಮಾ ಮನೆ ಮಾಡುವುದೂ ಅಲ್ಲೇ. ಜೊತೆಗೆ ಇಡೀ ಮೈಯ ಭಾರ ಹೊರುವುದು ಬೆನ್ನುಮೂಳೆ. ಟೊಳ್ಳಾದ ಮೂಳೆಯ ಮೇಲೆ ಭಾರ ಬಿದ್ದರೆ ಏನಾಗುತ್ತದೆ? ಖಾಲಿ ಬೆಂಕಿಪೊಟ್ಟಣ ಬೆರಳಿನಡಿ ಅಮುಕಿದಾಗ ಹೇಗೆ ಚಪ್ಪಟೆಯಾಗುತ್ತದೋ ಹಾಗೆ. ಮುಂದಿನ ಭಾಗ ಜಾಸ್ತಿ ಕುಸಿಯುವುದರಿಂದ ಬೆನ್ನು ಗೂನಾಗುತ್ತದೆ. ಎದೆಯ ಭಾಗ ಮುಗಿದು ಸೊಂಟದ ಭಾಗ ಶುರುವಾಗುವ ಜಾಗದಲ್ಲಿ ಇದು ಹೆಚ್ಚು. ರಿಪೋರ್ಟಿನಲ್ಲಿ ಎದೆಭಾಗದ ಕೊನೆಯ ಮೂಳೆಯನ್ನು ಡಿ 12, ಸೊಂಟದ ಭಾಗದ ಮೊದಲ ಮೂಳೆಯನ್ನು ಎಲ್ 1 ಅಂತ ಬರೆದಿರುತ್ತಾರೆ. ಚಿಕ್ಕಮ್ಮನಿಗೆ ಕುಸಿದಿದ್ದು ಅವೇ ಎರಡು.

ಪ್ರತಿ ಬೆನ್ನುಮೂಳೆಯ ಹಿಂಭಾಗದಲ್ಲಿ ಒಂದು ತೂತು ಇರುತ್ತದೆ. ಆ ತೂತುಗಳೆಲ್ಲ ಸಾಲಾಗಿ ಸೇರಿ ಒಂದು ಕೊಳವೆ. ಅದರೊಳಗೆ ಬೆನ್ನುಹುರಿ ಇಳಿಯುತ್ತದೆ, ಗೋಡೆಯೊಳಗಿನ ಪೈಪಿನಲ್ಲಿ ವೈರ್ ಹೋದ ಹಾಗೆ. ಮೂಳೆ ಮುರಿದು ಅದರ ತುಣುಕು ಹಿಂದಕ್ಕೆ ಸರಿದರೆ, ಅಥವಾ ಗಡ್ಡೆ ಆ ಕೊಳವೆಯೊಳಗೆ ಬೆಳೆದರೆ, ಹುರಿ ಒತ್ತಿಹೋಗುತ್ತದೆ. ಆಗ ಕಾಲಿನ ಬಲ ಹೋಗುತ್ತದೆ.

ಹಾಗಾಗಿ ಬೆನ್ನಿನ ತೊಂದರೆ ಎರಡು ತರದ್ದು. ಕಂಬ ಕುಸಿಯುವುದು ಒಂದು, ವೈರ್ ಒತ್ತಿಹೋಗುವುದು ಇನ್ನೊಂದು. ಯಾವ ಆಪರೇಷನ್ನಾದರೂ ಇವೆರಡರಲ್ಲಿ ಒಂದಕ್ಕೆ, ಇಲ್ಲವೇ ಎರಡಕ್ಕೂ.

ಮಾಮೂಲಿ ಬೆನ್ನುನೋವು ಅಲ್ಲ ಅಂತ ತಿಳಿಯುವುದು ಹೇಗೆ?

ಬೆನ್ನುನೋವು ಬಂದವರೆಲ್ಲ ಹೆದರಬೇಕಿಲ್ಲ. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನರಿಗೆ ಅದು ಸ್ನಾಯು, ಡಿಸ್ಕ್, ಸವೆತದ ನೋವು. ಆದರೆ ವಯಸ್ಸಾದವರಲ್ಲಿ ಹೊಸದಾಗಿ ಶುರುವಾದ ನೋವು, ವಾರಗಟ್ಟಲೆ ಬಿಡದ ನೋವು, ಮಲಗಿದರೂ ರಾತ್ರಿ ಎಬ್ಬಿಸುವ ನೋವು, ಅದರ ಜೊತೆಗೆ ರಕ್ತಹೀನತೆ, ತೂಕ ಇಳಿಯುವುದು, ಪದೇ ಪದೇ ಸೋಂಕು, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಹೇಗಿದೆ ಅಂತ ತೋರಿಸುವ ಅಂಶ) ಏರಿರುವುದು, ಎತ್ತರ ಕಡಿಮೆಯಾಗುವುದು ಇದ್ದರೆ ಸುಮ್ನೆ ಮಾತ್ರೆ ನುಂಗುತ್ತಾ ಕೂರಬಾರದು. ಎಕ್ಸ್‌ರೇ ಸರಿಯಾಗಿದೆ ಅಂತ ಸಮಾಧಾನಪಡುವ ಹಾಗೂ ಇಲ್ಲ. ಮೂಳೆಯ ಸುಮಾರು ಮೂರನೇ ಒಂದು ಭಾಗವಾದರೂ ಕರಗುವವರೆಗೆ ಎಕ್ಸ್‌ರೇಯಲ್ಲಿ ಅದು ಕಾಣಿಸುವುದೇ ಕಷ್ಟ. ಅದಕ್ಕೇ ಸಿ.ಟಿ., ಎಂ.ಆರ್.ಐ., ಪೆಟ್ ಸ್ಕ್ಯಾನ್ ಬೇಕಾಗುವುದು.

ನಮ್ಮ ಕಡೆ ಇನ್ನೊಂದು ಗೊಂದಲ ಆಗುತ್ತದೆ. ಬೆನ್ನುಮೂಳೆಯ ಟಿ.ಬಿ. ನಮ್ಮ ದೇಶದಲ್ಲಿ ಅಪರೂಪ ಅಲ್ಲ. ಅದರಲ್ಲೂ ಮೂಳೆ ಕುಸಿಯುತ್ತದೆ, ಮೈಯಲ್ಲಿ ಉರಿಯೂತ ಇದೆ ಅಂತ ತೋರಿಸುವ ಇ.ಎಸ್.ಆರ್. ಅನ್ನುವ ರಕ್ತಪರೀಕ್ಷೆಯ ಅಂಕಿ ಏರುತ್ತದೆ. ಟಿ.ಬಿ. ಸಾಮಾನ್ಯವಾಗಿ ಎರಡು ಮೂಳೆಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಡಿಸ್ಕನ್ನು ಮುಟ್ಟುವುದಿಲ್ಲ. ಆದರೂ ಸ್ಕ್ಯಾನ್ ಒಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಕಷ್ಟ. ಸೂಜಿ ಹಾಕಿ ಮೂಳೆಯ ಚೂರು ತೆಗೆದು ಪರೀಕ್ಷಿಸುವುದು, ರಕ್ತದಲ್ಲಿ ಆ ಕೆಟ್ಟ ಪ್ರೋಟೀನು ಇದೆಯಾ ಅಂತ ನೋಡುವುದು, ಇವೆರಡೂ ಆಗಬೇಕು.

ಎರಡು ವಿಷಯದಲ್ಲಿ ನನಗೆ ಈಗಲೂ ಸಂಕಟ ಇದೆ. ಒಂದು, ಆ ನಾಲ್ಕು ತಿಂಗಳ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ಮಾತ್ರೆಗಳು ಮೈಲೋಮಾ ಇದ್ದವರ ಕಿಡ್ನಿಗೆ ಮತ್ತಷ್ಟು ಪೆಟ್ಟು ಕೊಡುತ್ತವೆ. ಎರಡು, ಉಳುಕು ತೆಗೆಸುವುದು. ಟೊಳ್ಳಾದ ಬೆನ್ನನ್ನು ಎಳೆದು, ತುಳಿದು, ತಿರುಚಿದರೆ ಮೂಳೆ ಅಲ್ಲೇ ಮುರಿಯಬಹುದು. ಚಿಕ್ಕಮ್ಮನನ್ನು ಹಾಗೆ ಕರೆದುಕೊಂಡು ಹೋಗಲು ಒಂದು ಭಾನುವಾರ ಕಾರು ಹತ್ತಿಸಿದ್ದೆವು. ನೋವು ತಡೆಯಲಾಗದೆ ಅರ್ಧ ದಾರಿಯಲ್ಲೇ ವಾಪಸ್ ಬಂದೆವು.

ತೆಗೆದುಬಿಡಬಹುದಲ್ವಾ?

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಹೊಟ್ಟೆಯಲ್ಲೋ ಸ್ತನದಲ್ಲೋ ಆದ ಗಡ್ಡೆ ಒಂದು ಜಾಗದಲ್ಲಿ ಹುಟ್ಟುತ್ತದೆ. ಬೇಗ ಗೊತ್ತಾದರೆ ಅದನ್ನು ಬುಡಸಮೇತ ತೆಗೆಯಬಹುದು. ಮೈಲೋಮಾಕ್ಕೆ ಬುಡ ಅಂತ ಒಂದು ಜಾಗ ಇಲ್ಲ. ಮಜ್ಜೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದು ಇರುತ್ತದೆ. ಒಂದು ಮೂಳೆ ಕೆತ್ತಿ ತೆಗೆದರೂ ಪಕ್ಕದ ಮೂಳೆಯಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಹತೋಟಿಗೆ ತರುವುದು ಇಂಜೆಕ್ಷನ್, ಮಾತ್ರೆ, ಕೆಲವರಿಗೆ ಸ್ಟೆಮ್ ಸೆಲ್ ಚಿಕಿತ್ಸೆ (ರಕ್ತ ಹುಟ್ಟಿಸುವ ಮೂಲ ಕಣಗಳನ್ನು ಮೊದಲೇ ಕೂಡಿಸಿಟ್ಟು, ಬಲವಾದ ಔಷಧಿ ಕೊಟ್ಟ ಮೇಲೆ ವಾಪಸ್ ಹಾಕುವುದು).

ಇನ್ನೊಂದು ಕಾರಣವೂ ಇದೆ. ಮೈಲೋಮಾ ರೇಡಿಯೇಷನ್‌ಗೆ ಬೇಗ ಬಗ್ಗುತ್ತದೆ. ನಮ್ಮ ಜನ 'ಕರೆಂಟ್ ಕೊಡೋದು' ಅನ್ನುವುದು ಇದಕ್ಕೇ. ನಿಜವಾದ ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ, ಇವು ಎಕ್ಸ್‌ರೇ ತರದ್ದೇ ಬಲವಾದ ಕಿರಣಗಳು. ನೋವಿನ ಜಾಗಕ್ಕೆ ಕೆಲವೊಮ್ಮೆ ಒಂದೇ ಸಲ, ಕೆಲವೊಮ್ಮೆ ಒಂದೆರಡು ವಾರ ಕೊಡುತ್ತಾರೆ. ಗಡ್ಡೆ ಕರಗುತ್ತದೆ, ನೋವು ಇಳಿಯುತ್ತದೆ. ಚಾಕುವಿನಿಂದ ತೆಗೆಯಬೇಕಾದ್ದನ್ನು ಕಿರಣವೇ ಕರಗಿಸುವಾಗ ಬೆನ್ನು ಕೊಯ್ಯುವುದು ಯಾಕೆ, ಅಲ್ವಾ?

ಅಪರೂಪಕ್ಕೆ ಕೆಟ್ಟ ಕಣಗಳು ಒಂದೇ ಒಂದು ಮೂಳೆಯಲ್ಲಿ ಗುಂಪಾಗಿರುತ್ತವೆ. ಬೇರೆಲ್ಲೂ ಇರುವುದಿಲ್ಲ. ಅದಕ್ಕೆ ಪ್ಲಾಸ್ಮಾಸೈಟೋಮಾ ಅನ್ನುತ್ತಾರೆ. ಅಲ್ಲೂ ಮುಖ್ಯ ಚಿಕಿತ್ಸೆ ರೇಡಿಯೇಷನ್ನೇ. ರಕ್ತದ ಕ್ಯಾನ್ಸರಿನ ಬೇರೆ ಬಗೆಗಳಾದ ಲಿಂಫೋಮಾ, ಲ್ಯುಕೇಮಿಯಾ ಇರುವವರಿಗೂ ಕೆಲವೊಮ್ಮೆ ಬೆನ್ನಿಗೆ ತೊಂದರೆ ಬರುತ್ತದೆ. ಅವೂ ಔಷಧಿಗೆ, ಕಿರಣಕ್ಕೆ ಚೆನ್ನಾಗಿ ಬಗ್ಗುವ ಕಾಯಿಲೆಗಳು.

ಆದರೆ ಕಿರಣ ಗಡ್ಡೆ ಕರಗಿಸಬಲ್ಲದು, ಕುಸಿದ ಮೂಳೆಯನ್ನು ಆ ಕ್ಷಣಕ್ಕೆ ಎತ್ತಿ ನಿಲ್ಲಿಸಲಾರದು. ಸರ್ಜನ್ ಬೇಕಾಗುವುದು ಅಲ್ಲಿ. ಬೆನ್ನು ಎಷ್ಟು ಅಲುಗಾಡುವ ಸ್ಥಿತಿಯಲ್ಲಿದೆ ಅಂತ ಅಳೆಯಲು 2010ರಿಂದ ಒಂದು ಅಂಕಪಟ್ಟಿ ಬಳಕೆಯಲ್ಲಿದೆ. ಸಿನ್ಸ್ ಸ್ಕೋರ್ ಅನ್ನುತ್ತಾರೆ. ತೊಂದರೆ ಯಾವ ಜಾಗದಲ್ಲಿದೆ, ಕೂತಾಗ ಎದ್ದಾಗ ನೋವು ಏರುತ್ತದಾ, ಮೂಳೆ ಎಷ್ಟು ಕುಸಿದಿದೆ, ಬೆನ್ನು ಬಾಗಿದೆಯಾ, ಹೀಗೆ ಆರು ವಿಷಯಕ್ಕೆ ಅಂಕ. ಒಟ್ಟು 18. ಆರರವರೆಗೆ ಬಂದರೆ ಬೆನ್ನು ಗಟ್ಟಿ, 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಪಾಯ, ನಡುವೆ ಇದ್ದರೆ ಅನುಮಾನ. 7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸ್ಪೈನ್ ಸರ್ಜನ್‌ಗೆ ತೋರಿಸಬೇಕು. ಮೈಲೋಮಾದಲ್ಲಿ ಈ ಅಂಕವೇ ಕೊನೆಯ ಮಾತಲ್ಲ. ಔಷಧಿ ಕೆಲಸ ಮಾಡಿದರೆ ಮೂಳೆ ಮತ್ತೆ ಗಟ್ಟಿಯಾಗಬಹುದು. ಅದಕ್ಕೇ ಎಷ್ಟೋ ಜನರಿಗೆ ಬೆನ್ನಿಗೆ ಪಟ್ಟಿ ಕಟ್ಟಿ, ಔಷಧಿ ಶುರು ಮಾಡಿ, ಕಾದು ನೋಡುತ್ತಾರೆ.

ಸಿಮೆಂಟ್ ತುಂಬುವುದು

ಮೈಲೋಮಾದವರ ಬೆನ್ನಿಗೆ ಹೆಚ್ಚಾಗಿ ಮಾಡುವುದು ಇದನ್ನೇ. ಸಿಮೆಂಟ್ ಅಂದ ಕೂಡಲೇ ಚಿಕ್ಕಮ್ಮ ಗಾಬರಿಯಾದರು. ಇದು ಮನೆ ಕಟ್ಟುವ ಸಿಮೆಂಟಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್ ಇದೆಯಲ್ಲ, ಅದೇ ಜಾತಿಯದು. ಪುಡಿ ಮತ್ತು ದ್ರವ ಕಲಸಿದಾಗ ಮೊದಲು ತೆಳ್ಳಗಿರುತ್ತದೆ, ಆಮೇಲೆ ಟೂತ್‌ಪೇಸ್ಟಿನ ಹದಕ್ಕೆ ಬರುತ್ತದೆ, ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ.

ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟೂ ಮಾಡಬಹುದು, ಪೂರ್ತಿ ಅರಿವಳಿಕೆಯಲ್ಲೂ ಮಾಡಬಹುದು. ಮೇಲೆ ಎಕ್ಸ್‌ರೇ ಯಂತ್ರ ಇರುತ್ತದೆ. ಅದರ ಪರದೆ ನೋಡುತ್ತಾ ದಪ್ಪ ಸೂಜಿಯನ್ನು ಹಿಂದಿನಿಂದ ಕುಸಿದ ಮೂಳೆಯೊಳಕ್ಕೆ ಇಳಿಸುತ್ತಾರೆ. ಹದಕ್ಕೆ ಬಂದ ಸಿಮೆಂಟನ್ನು ನಿಧಾನವಾಗಿ ತಳ್ಳುತ್ತಾರೆ. ಒಂದು ಮೂಳೆಗೆ ಕೆಲವೇ ಮಿಲಿ ಲೀಟರ್, ಅಂದರೆ ಒಂದು ಟೀ ಚಮಚದಷ್ಟು. ಅದು ಒಳಗಿನ ಟೊಳ್ಳಿನಲ್ಲಿ ಹರಡಿ ಬಿರುಕುಗಳನ್ನು ಹಿಡಿದು ನಿಲ್ಲಿಸುತ್ತದೆ. ಅಲುಗಾಟ ನಿಂತರೆ ನೋವೂ ಇಳಿಯುತ್ತದೆ. ಹೊಲಿಗೆ ಹಾಕುವಂತಹ ಗಾಯ ಇರುವುದಿಲ್ಲ, ಬರೀ ಸೂಜಿಯ ಗುರುತು.

ಇದರ ಹೆಸರು ವರ್ಟಿಬ್ರೋಪ್ಲಾಸ್ಟಿ. 1984ರಲ್ಲಿ ಫ್ರಾನ್ಸಿನ ಅಮಿಯೆನ್ ನಗರದಲ್ಲಿ ಗಾಲಿಬೇರ್, ಡೆರಾಮೋನ್ ಅನ್ನುವ ವೈದ್ಯರು ಮೊದಲು ಮಾಡಿದರು. ಕೈಫೋಪ್ಲಾಸ್ಟಿ ಅಂತ ಇನ್ನೊಂದಿದೆ. ಅದರಲ್ಲಿ ಮೊದಲು ಸಣ್ಣ ಬಲೂನು ಇಳಿಸಿ ಉಬ್ಬಿಸುತ್ತಾರೆ. ಚಪ್ಪಟೆಯಾದ ಮೂಳೆ ಸ್ವಲ್ಪ ಎದ್ದು ಒಳಗೆ ಗೂಡು ಆಗುತ್ತದೆ. ಬಲೂನು ತೆಗೆದು ಆ ಗೂಡಿಗೆ ಸಿಮೆಂಟ್ ತುಂಬುತ್ತಾರೆ.

ಪ್ರಯೋಜನ ಇದೆಯಾ? ವಯಸ್ಸಿನ ಮೂಳೆ ಸವೆತದಿಂದ ಕುಸಿದವರ ಮೇಲೆ 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಸಿಮೆಂಟ್ ತುಂಬಿದವರಿಗೂ ಸಿಮೆಂಟ್ ಇಲ್ಲದೆ ಸುಮ್ನೆ ಸೂಜಿ ಚುಚ್ಚಿಸಿಕೊಂಡವರಿಗೂ ನೋವು ಒಂದೇ ರೀತಿ ಇಳಿಯಿತು ಅಂದವು. ಕ್ಯಾನ್ಸರ್ ಇದ್ದವರ ಲೆಕ್ಕ ಬೇರೆ. ಮೈಲೋಮಾದವರೂ ಸೇರಿ 134 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಬಂತು. ಬೆನ್ನುನೋವಿನಿಂದ ದಿನದ ಕೆಲಸ ಎಷ್ಟು ನಿಂತಿದೆ ಅಂತ 24 ಅಂಕಕ್ಕೆ ಅಳೆದರು. ಬಲೂನು ಹಾಕಿ ಸಿಮೆಂಟ್ ತುಂಬಿದವರಲ್ಲಿ ಒಂದೇ ತಿಂಗಳಿಗೆ ಅದು 17.6ರಿಂದ 9.1ಕ್ಕೆ ಇಳಿಯಿತು. ಮಾಡಿಸದವರಲ್ಲಿ ಹತ್ತಿರ ಹತ್ತಿರ 18ರಲ್ಲೇ ನಿಂತಿತ್ತು. ಆದರೆ ಇದರಲ್ಲಿ ಸುಮ್ನೆ ಸೂಜಿ ಚುಚ್ಚಿದ ಗುಂಪು ಇರಲಿಲ್ಲ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು.

ಅಪಾಯವೂ ಇದೆ. ಸಿಮೆಂಟ್ ಬಿರುಕಿನಿಂದ ಆಚೆ ಸೋರಬಹುದು. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಹುರಿಯ ಕಡೆಗೋ ರಕ್ತನಾಳದ ಮೂಲಕ ಶ್ವಾಸಕೋಶಕ್ಕೋ ಹೋದರೆ ಕಷ್ಟ. ಮೂಳೆಯ ಹಿಂಬದಿ ಗೋಡೆ ಒಡೆದಿದ್ದರೆ ಡಾಕ್ಟರು ಎರಡು ಸಲ ಯೋಚಿಸುವುದು ಇದಕ್ಕೇ. ಸಿಮೆಂಟ್ ಹಾಕಿದರೆ ಕ್ಯಾನ್ಸರ್ ಹೋಗುವುದಿಲ್ಲ ಅನ್ನೋದನ್ನೂ ಮರೆಯಬಾರದು. ಔಷಧಿ ಮುಂದುವರಿಯಲೇಬೇಕು.

ಸ್ಕ್ರೂ ಮತ್ತು ರಾಡ್

ಬೆನ್ನು ತುಂಬಾ ಅಲುಗಾಡುತ್ತಿದ್ದರೆ ಸಿಮೆಂಟ್ ಸಾಲುವುದಿಲ್ಲ. ಆಗ ಕೆಟ್ಟ ಮೂಳೆಯ ಮೇಲೂ ಕೆಳಗೂ ಇರುವ ಮೂಳೆಗಳಿಗೆ ಸ್ಕ್ರೂ ಹಾಕಿ, ಅವನ್ನು ಎರಡು ಉದ್ದನೆಯ ರಾಡುಗಳಿಂದ ಜೋಡಿಸುತ್ತಾರೆ. ಗಾಳಿಗೆ ವಾಲಿದ ಬಾಳೆಗಿಡಕ್ಕೆ ಎರಡೂ ಕಡೆ ಕೋಲು ಕೊಟ್ಟು ಕಟ್ಟಿದ ಹಾಗೆ. ಭಾರ ಕೆಟ್ಟ ಮೂಳೆಯನ್ನು ಬಿಟ್ಟು ರಾಡಿನ ಮೂಲಕ ಇಳಿಯುತ್ತದೆ. ಈಗ ಇದನ್ನು ಸಣ್ಣ ಸಣ್ಣ ತೂತುಗಳ ಮೂಲಕವೂ ಮಾಡುತ್ತಾರೆ. ರಕ್ತ ಕಡಿಮೆ ಹೋಗುತ್ತದೆ, ಗಾಯ ಬೇಗ ಮಾಯುತ್ತದೆ, ಕ್ಯಾನ್ಸರ್ ಔಷಧಿ ಬೇಗ ಶುರು ಮಾಡಬಹುದು.

ಮೈಲೋಮಾದಲ್ಲಿ ಇದರ ಕಷ್ಟ ಏನೆಂದರೆ, ಪಕ್ಕದ ಮೂಳೆಗಳೂ ಮೆತ್ತಗಿರುತ್ತವೆ. ಹಸಿ ಮಣ್ಣಿನ ಗೋಡೆಗೆ ಮೊಳೆ ಹೊಡೆದರೆ ಎಷ್ಟು ಹೊತ್ತು ನಿಂತೀತು? ಅದಕ್ಕೇ ಸ್ಕ್ರೂ ಸುತ್ತ ಸಿಮೆಂಟ್ ತುಂಬುವುದುಂಟು, ಹೆಚ್ಚು ಮೂಳೆಗಳಿಗೆ ಸ್ಕ್ರೂ ಹಾಕಿ ಭಾರ ಹಂಚುವುದುಂಟು. ಲೋಹ ಇದ್ದರೆ ಮುಂದೆ ಸ್ಕ್ಯಾನ್ ಮಸುಕಾಗುತ್ತದೆ, ರೇಡಿಯೇಷನ್ ಲೆಕ್ಕ ಹಾಕುವುದೂ ಕಷ್ಟ. ಕೆಲವು ಕಡೆ ಕಾರ್ಬನ್ ನಾರಿನ ರಾಡು ಬಳಸುವುದು ಇದೇ ಕಾರಣಕ್ಕೆ.

ಹುರಿ ಒತ್ತಿದಾಗ ಗಂಟೆಗಳ ಲೆಕ್ಕ

ಈ ಭಾಗವನ್ನು ದಯವಿಟ್ಟು ಮನೆಯ ಎಲ್ಲರೂ ಓದಿ. ಮೈಲೋಮಾ ಇರುವವರಿಗೆ ಕಾಲು ಸೋತ ಹಾಗೆ ಆದರೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದಿದ್ದರೆ, ಎದೆಗೋ ಹೊಟ್ಟೆಗೋ ಪಟ್ಟಿ ಬಿಗಿದ ಹಾಗೆ ಅನ್ನಿಸಿದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ರೋಗಿ ನಡೆಯುತ್ತಿದ್ದರೆ ಮುಂದೆಯೂ ನಡೆಯುವ ಸಾಧ್ಯತೆ ತುಂಬಾ ಜಾಸ್ತಿ. ಪೂರ್ತಿ ಬಲ ಹೋದ ಮೇಲೆ ಅದು ವಾಪಸ್ ಬರುವುದು ಕಷ್ಟ.

ಆಸ್ಪತ್ರೆಯಲ್ಲಿ ತಕ್ಷಣ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಊತ ಇಳಿಸುತ್ತದೆ, ಮೈಲೋಮಾ ಕಣಗಳನ್ನೂ ಕೊಲ್ಲುತ್ತದೆ. ಇಡೀ ಬೆನ್ನಿನ ಎಂ.ಆರ್.ಐ. ಆಗುತ್ತದೆ. ಆಮೇಲಿನ ತೀರ್ಮಾನ ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತದೆ: ಹುರಿಯನ್ನು ಒತ್ತುತ್ತಿರುವುದು ಯಾವುದು? ಮೆತ್ತಗಿನ ಗಡ್ಡೆಯಾದರೆ ರೇಡಿಯೇಷನ್ ಕರಗಿಸುತ್ತದೆ. ಮುರಿದ ಮೂಳೆಯ ತುಣುಕಾದರೆ ಯಾವ ಕಿರಣವೂ ಅದನ್ನು ಸರಿಸದು. ಆಗ ಆಪರೇಷನ್ ಬೇಕು. ಕೊಳವೆಯ ಹಿಂದಿನ ಛಾವಣಿಯಂತಿರುವ ಮೂಳೆ ತೆಗೆದು ಹುರಿಗೆ ಜಾಗ ಮಾಡಿಕೊಡುತ್ತಾರೆ. ಬರೀ ಛಾವಣಿ ತೆಗೆದರೆ ಬೆನ್ನು ಇನ್ನಷ್ಟು ಸಡಿಲ ಆಗುವುದರಿಂದ ಜೊತೆಗೆ ಸ್ಕ್ರೂ, ರಾಡು ಹಾಕುತ್ತಾರೆ. ಬೆನ್ನು ಅಲುಗಾಡುತ್ತಿದ್ದರೆ, ಕಾಲಿನ ಬಲ ನೋಡುನೋಡುತ್ತಲೇ ಇಳಿಯುತ್ತಿದ್ದರೆ, ಇದು ಯಾವ ಕಾಯಿಲೆ ಅನ್ನೋದೇ ಇನ್ನೂ ಗೊತ್ತಿಲ್ಲದಿದ್ದರೆ ಆಗಲೂ ಸರ್ಜನ್ ಮುಂದೆ ಬರುತ್ತಾರೆ.

2005ರ ಒಂದು ಹೆಸರಾಂತ ಅಧ್ಯಯನವನ್ನು ಯಾರಾದರೂ ನಿಮಗೆ ತೋರಿಸಬಹುದು. ಹುರಿ ಒತ್ತಿದ 101 ಕ್ಯಾನ್ಸರ್ ರೋಗಿಗಳಲ್ಲಿ ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಆದವರಲ್ಲಿ 84 ಶೇಕಡಾ ನಡೆದರು, ಬರೀ ರೇಡಿಯೇಷನ್ ಆದವರಲ್ಲಿ 57 ಶೇಕಡಾ. ಹಾಗಾದರೆ ಎಲ್ಲರಿಗೂ ಆಪರೇಷನ್ನೇ ಒಳ್ಳೆಯದಾ? ಆ ಅಧ್ಯಯನದಲ್ಲಿ ಮೈಲೋಮಾ, ಲಿಂಫೋಮಾ, ಲ್ಯುಕೇಮಿಯಾದವರನ್ನು ಸೇರಿಸಿಕೊಂಡೇ ಇರಲಿಲ್ಲ. ಕಿರಣಕ್ಕೆ ಸುಲಭವಾಗಿ ಬಗ್ಗುವ ಕಾಯಿಲೆಗಳು ಅನ್ನುವ ಕಾರಣಕ್ಕೇ.

ಚಾಕು ಹಿಡಿಯುವ ಮುಂಚೆ

ಮೈಲೋಮಾದವರ ಆಪರೇಷನ್ ನಾಜೂಕಿನದು. ರಕ್ತ ಕಡಿಮೆ ಇರುತ್ತದೆ, ಸೋಂಕು ಬೇಗ ಹತ್ತುತ್ತದೆ, ಸ್ಟಿರಾಯ್ಡ್‌ನಿಂದ ಗಾಯ ನಿಧಾನವಾಗಿ ಮಾಯುತ್ತದೆ, ಕಿಡ್ನಿ ದುರ್ಬಲ. ಏರಿದ ಕ್ಯಾಲ್ಸಿಯಂ ಇಳಿಸದೆ ಅರಿವಳಿಕೆ ಕೊಡುವುದು ಅಪಾಯ. ಮೈಲೋಮಾಕ್ಕೆ ಕೊಡುವ ಲೆನಾಲಿಡೊಮೈಡ್, ಥಾಲಿಡೊಮೈಡ್ ಮಾತ್ರೆಗಳಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಹಾಗಾಗಿ ಸ್ಪೈನ್ ಸರ್ಜನ್, ರಕ್ತದ ಕ್ಯಾನ್ಸರ್ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಮೂವರೂ ಮಾತಾಡಿಕೊಂಡು ತೀರ್ಮಾನ ಮಾಡಬೇಕು. "ಅವರ ಜೊತೆ ಮಾತಾಡಿದ್ದೀರಾ ಸಾರ್?" ಅಂತ ಕೇಳುವ ಹಕ್ಕು ನಮಗಿದೆ. ಸ್ಟೆಮ್ ಸೆಲ್ ಚಿಕಿತ್ಸೆಯ ಯೋಚನೆ ಇದ್ದರೆ ಬೆನ್ನಿಗೆ, ಸೊಂಟಕ್ಕೆ ಎಷ್ಟು ರೇಡಿಯೇಷನ್ ಅನ್ನೋದನ್ನೂ ಮುಂಚೆಯೇ ಚರ್ಚಿಸಬೇಕು. ಆ ಚಿಕಿತ್ಸೆಗೆ ಕೂಡಿಸಬೇಕಾದ ಮೂಲ ಕಣಗಳು ಹುಟ್ಟುವುದು ಅಲ್ಲಿನ ಮಜ್ಜೆಯಲ್ಲೇ.

ಮನೆಗೆ ಬಂದ ಮೇಲೆ

ಆಪರೇಷನ್ ಆದ ಜಾಗಕ್ಕೆ ರೇಡಿಯೇಷನ್ ಬೇಕಿದ್ದರೆ ಗಾಯ ಮಾಯಲು ಎರಡು ವಾರದಷ್ಟು ಬಿಟ್ಟು ಶುರು ಮಾಡುತ್ತಾರೆ. ಮೂಳೆ ಕೆತ್ತುವ ಕಣಗಳನ್ನು ತಡೆಯಲು ಜೊಲೆಡ್ರೋನಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಕೊಡುತ್ತಾರೆ. ಕಿಡ್ನಿ ಸರಿ ಇಲ್ಲದವರಿಗೆ ಡೆನೊಸುಮ್ಯಾಬ್ ಕೊಡುವುದುಂಟು. ಎರಡಕ್ಕೂ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಇಂಜೆಕ್ಷನ್ ನಡೆಯುತ್ತಿರುವಾಗ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯ ಇದೆ. ನಮ್ಮ ಚಿಕ್ಕಮ್ಮನಿಗೆ ಎರಡು ಹುಳುಕು ಹಲ್ಲು ಮೊದಲೇ ಕೀಳಿಸಿದರು.

ಅವರಿಗೆ ಎರಡೂ ಮೂಳೆಗೆ ಸಿಮೆಂಟ್ ತುಂಬಿದರು. ಮಾರನೇ ದಿನ ವಾರ್ಡಿನಲ್ಲಿ ಗೋಡೆ ಹಿಡಿದು ನಡೆದರು. ಹೋದ ಎತ್ತರ ಬರಲಿಲ್ಲ, ಈಗಲೂ ಸೀರೆಯನ್ನು ಒಂದು ಮಡಿಕೆ ಜಾಸ್ತಿ ಸಿಕ್ಕಿಸಿಕೊಳ್ಳುತ್ತಾರೆ. ಕೊಡ ಎತ್ತುವ ಹಾಗಿಲ್ಲ, ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಹಾಗಿಲ್ಲ, ನಡೆಯುವುದು ಮಾತ್ರ ದಿನಾ ಬೇಕು. ಹಾಸಿಗೆಯಿಂದ ಏಳುವುದನ್ನು ಫಿಸಿಯೋಥೆರಪಿಯವರು ಹೊಸದಾಗಿ ಹೇಳಿಕೊಟ್ಟರು. ನೇರವಾಗಿ ಬೆನ್ನು ಎತ್ತಬಾರದು. ಮೊದಲು ಮೊಣಕಾಲು ಮಡಚಬೇಕು, ಭುಜ ಸೊಂಟ ಒಟ್ಟಿಗೇ ಮರದ ದಿಮ್ಮಿಯ ಹಾಗೆ ಪಕ್ಕಕ್ಕೆ ಹೊರಳಬೇಕು, ಕಾಲು ಮಂಚದಿಂದ ಕೆಳಗೆ ಬಿಡಬೇಕು, ಮೊಣಕೈ ಊರಿ ಏಳಬೇಕು. ಅರವತ್ತು ವರ್ಷದ ಅಭ್ಯಾಸ ಬಿಟ್ಟು ಹಾಗೆ ಏಳುವುದಕ್ಕೆ ಚಿಕ್ಕಮ್ಮನಿಗೆ ಎರಡು ವಾರ ಹಿಡಿಯಿತು.